‘ಲೀಷನ್’ಗೆ ಕನ್ನಡದಲ್ಲಿ ಏನು? ನಾಳೆ ಬೆಳಿಗ್ಗೆ ಫಲಕ ಅಚ್ಚಿಗೆ

ಅನುವಾದಕಿ, ಸಂಜೆ 5.40

ಎಲ್ಲರಿಗೂ ನಮಸ್ಕಾರ. ಪ್ರಾಣಿರೋಗಗಳ ಸಂಗ್ರಹಾಲಯವೊಂದರ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದೇ ಪದದಲ್ಲಿ ಸಿಕ್ಕಿಕೊಂಡಿದ್ದೇನೆ: ಲೀಷನ್ (lesion), ಅಂದರೆ ರೋಗದಿಂದಲೋ ಪೆಟ್ಟಿನಿಂದಲೋ ಅಂಗದಲ್ಲಿ ಉಂಟಾದ ಕೇಡು. 12 ಫಲಕಗಳಲ್ಲಿ 11 ಬಾರಿ ಬಂದಿದೆ. ನಿಘಂಟು ‘ಗಾಯ, ಹುಣ್ಣು, ವ್ರಣ’ ಎನ್ನುತ್ತದೆ. ಆದರೆ ಜಾಡಿಯೊಳಗಿರುವುದು ಗಾಯವಲ್ಲ. ಮೊದಲ ಜಾಡಿಯಲ್ಲಿ ಕ್ಷಯ ತಗುಲಿದ ಹಸುವಿನ ಶ್ವಾಸಕೋಶ. ಅದರ ತುಂಬ ಕಾಳಿನಷ್ಟು, ಗೋಲಿಯಷ್ಟು ಬಿಳಿಚಿದ ಗಂಟುಗಳು. ಎರಡನೆಯದರಲ್ಲಿ ಕೊಬ್ಬು ತುಂಬಿ ಹಳದಿಗೆ ತಿರುಗಿದ ಯಕೃತ್ತು. ಎಲ್ಲಿಯೂ ಸೀಳಿಲ್ಲ, ಕೊರೆದಿಲ್ಲ. ಮೂರನೆಯದು ಹುಚ್ಚುಹಸು ರೋಗದ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ತೆಗೆದ ಚಿತ್ರ, ಜರಡಿಯಂತೆ ತೂತುಗಳು. ಮೂರಕ್ಕೂ ಮೂಲದಲ್ಲಿ ಒಂದೇ ಪದ. ದಯವಿಟ್ಟು ಇಂದು ರಾತ್ರಿಯೊಳಗೆ ತಿಳಿಸಿ.

ಮೊದಲ ಉತ್ತರ, 6.05

ಗಾಯ ಸಾಕು. ಆ ಪದ ಲ್ಯಾಟಿನ್ನಿನ ‘ಲೈದೆರೆ’ ಧಾತುವಿನಿಂದ ಬಂದದ್ದು, ನೋಯಿಸು, ಘಾಸಿಮಾಡು ಎಂದರ್ಥ. ನಮ್ಮ ಗಾಯವೂ ಘಾತದ ತದ್ಭವ. ಮೂಲದವರು ಗಂಟಿಗೂ ತೂತಿಗೂ ಗಾಯವೆಂದೇ ಹೇಳುತ್ತಿರುವಾಗ ನಿಮಗೇಕೆ ಸಂಕೋಚ? ಘನವಾಗಿ ಕೇಳಿಸಬೇಕೆಂದರೆ ‘ಕ್ಷತ’ ಎನ್ನಿ. ಧಾತುವಿನ ಅರ್ಥವೂ ಅದೇ.

ಎರಡನೆಯ ಉತ್ತರ, 6.20

‘ಕ್ಷತ’ ಬೇಡ. ಫಲಕದ ಮುಂದೆ ನಿಲ್ಲುವ ಹುಡುಗನಿಗೆ ಅದಕ್ಕಿಂತ ‘ಲೀಷನ್’ ಹತ್ತಿರ. ಕನ್ನಡದ್ದೇ ಬೇರುಗಳಿರುವಾಗ ಸಂಸ್ಕೃತದ ಅಂಗಡಿಗೆ ಓಡುವ ಚಟವನ್ನು ನಾವು ಬಿಡಬೇಕು. ‘ಬೇನೆಗುರುತು’ ಎಂದು ಹಾಕಿ. ಕುರಿಗಳ ಪಿಪಿಆರ್ ರೋಗಕ್ಕೆ ಕುರಿಗಾಹಿಗಳು ‘ಹಿರೇಬೇನೆ’ ಎನ್ನುತ್ತಾರೆ, ಯಾವ ಪಂಡಿತರನ್ನೂ ಕೇಳಲಿಲ್ಲ. ಹಾಗೆಯೇ ವೈರಸ್‌ಗೆ ‘ನಂಜು’ ಎನ್ನಬಹುದು. ಲ್ಯಾಟಿನ್ನಿನಲ್ಲಿ ವೈರಸ್ ಎಂದರೆ ವಿಷವೇ.

ಮೂರನೆಯ ಉತ್ತರ, 6.32

ಬೇನೆ ‘ವೇದನಾ’ ಶಬ್ದದ ತದ್ಭವ. ಮರವನ್ನು ಬೇಡವೆಂದವರು ಅದರ ಹಣ್ಣನ್ನೇ ಕೈಯಲ್ಲಿ ಹಿಡಿದಿದ್ದೀರಿ. ಸರಿಯಾದ ಪದ ‘ವಿಕೃತಿ’. ಆಯುರ್ವೇದ ಸ್ವಸ್ಥಸ್ಥಿತಿಗೆ ಪ್ರಕೃತಿ ಎಂದಿತು, ಅದು ಕೆಟ್ಟರೆ ವಿಕೃತಿ ಎಂದಿತು. ರೋಗವು ದೇಹದಲ್ಲಿ ಹೆಜ್ಜೆಹೆಜ್ಜೆಯಾಗಿ ನೆಲೆಗೊಳ್ಳುವ ಬಗೆಗೆ ‘ಸಂಪ್ರಾಪ್ತಿ’ ಎಂಬ ಖಚಿತವಾದ ಪದವೇ ಇದೆ. ಪ್ಯಾಥೋಜೆನೆಸಿಸ್‌ಗೆ ಅದನ್ನೇ ಬಳಸಿ. ಇಷ್ಟು ಸಿದ್ಧವಾಗಿರುವಾಗ ಹೊಸದಾಗಿ ಕುಟ್ಟುವ ಕೆಲಸವೇಕೆ?

ನಾಲ್ಕನೆಯ ಉತ್ತರ, ರಾತ್ರಿ 8.15

ಮೇಡಂ, ನಾನು ಪಶುವೈದ್ಯ. ಕೆಲಸದ ಹೆಚ್ಚಿನ ಕಾಲವನ್ನು ಶವಪರೀಕ್ಷೆಯ ಮೇಜಿನ ಬಳಿ ಕಳೆದಿದ್ದೇನೆ. ಇದುವರೆಗೆ ಬಂದ ಉತ್ತರಗಳೆಲ್ಲ ಪದದ ಬೇರನ್ನು ನೋಡಿವೆ, ಜಾಡಿಯನ್ನು ನೋಡಿಲ್ಲ.

ಆ ಶ್ವಾಸಕೋಶದಿಂದಲೇ ಶುರುಮಾಡೋಣ. ಅಂಥ ಗಂಟನ್ನು ಹಸಿಯಾಗಿ ಕೊಯ್ದರೆ ಚಾಕುವಿನ ಅಂಚಿಗೆ ಮರಳು ಸಿಕ್ಕಂತೆ ಕರಕರ ಎನ್ನುತ್ತದೆ, ಒಳಗೆ ಸುಣ್ಣದಂಶ ಕಟ್ಟಿಕೊಂಡಿರುವುದರಿಂದ. ನಡುವೆ ಹಳದಿ ಬೆರೆತ ಬಿಳಿಯ ಪುಡಿಪುಡಿ ಮುದ್ದೆ, ಸುತ್ತ ಗಟ್ಟಿ ಪೊರೆ. ರೋಗಾಣುವನ್ನು ಗೋಡೆ ಕಟ್ಟಿ ಕೂಡಿಹಾಕಲು ದೇಹವೇ ಮಾಡಿದ ಪ್ರಯತ್ನ ಅದು. ‘ಗಾಯ’ ಎಂದರೆ ಓದುಗ ಹೊರಗಿನ ಪೆಟ್ಟನ್ನು ಹುಡುಕುತ್ತಾನೆ, ದೇಹ ಕಟ್ಟಿದ ಗೋಡೆ ಅವನ ಕಣ್ಣಿಗೆ ಬೀಳುವುದೇ ಇಲ್ಲ. ಧಾತ್ವರ್ಥದಿಂದ ಪದ ಎಂದೋ ದೂರ ಬಂದಿದೆ.

ಇನ್ನು ‘ಲಕ್ಷಣ’ ಎಂದು ಬರೆದುಬಿಡುವ ಆಸೆ ನಿಮಗೆ ಬಂದಿರಬಹುದು. ಬೇಡ. ರೋಗಿ ಬಾಯಿಬಿಟ್ಟು ಹೇಳುವುದು ಒಂದು, ನೋಡುವವನಿಗೆ ಕಾಣುವುದು ಇನ್ನೊಂದು, ಅಂಗದಲ್ಲೇ ಉಳಿದಿರುವುದು ಮತ್ತೊಂದು. ಕನ್ನಡದ ‘ಲಕ್ಷಣ’ ಮೊದಲೆರಡನ್ನೂ ಹೊರುತ್ತಿದೆ. ಹಸು ಹೊಟ್ಟೆನೋವೆಂದು ಹೇಳುವುದಿಲ್ಲ. ಕತ್ತು ತಿರುಗಿಸಿ ಹೊಟ್ಟೆಯನ್ನೇ ನೋಡುತ್ತದೆ, ಹಿಂಗಾಲಿನಿಂದ ಒದ್ದುಕೊಳ್ಳುತ್ತದೆ. ನಮ್ಮ ಶಾಸ್ತ್ರಕ್ಕೆ ಮೊದಲನೆಯದು ಸಿಗುವುದೇ ಇಲ್ಲ. ಆದ್ದರಿಂದಲೇ ಮೂರನೆಯದರ ಮೇಲೆ ಇಷ್ಟೊಂದು ಭಾರ. ಅದನ್ನೂ ಲಕ್ಷಣದ ಗಂಟಿಗೆ ಸೇರಿಸಿದರೆ ಫಲಕ ಓದಿದ ವಿದ್ಯಾರ್ಥಿ ಜ್ವರವನ್ನೂ ಗಂಟನ್ನೂ ಒಂದೇ ಸಾಲಿನಲ್ಲಿ ಬರೆಯುತ್ತಾನೆ.

‘ವಿಕೃತಿ’ ಶಾಸ್ತ್ರದ ಪ್ರಕಾರ ಸರಿಯಾದ ಪದ, ಒಪ್ಪುತ್ತೇನೆ. ಆದರೆ ಇಂದಿನ ಪತ್ರಿಕೆ ಓದುವವನಿಗೆ ‘ವಿಕೃತ’ ಎಂದರೆ ಮನಸ್ಸು ಕೆಟ್ಟವನು. ಹಸುವಿನ ಶ್ವಾಸಕೋಶದ ಪಕ್ಕ ಆ ಪದ ಇಟ್ಟರೆ ಗುಂಪುಗುಂಪಾಗಿ ಬರುವ ಮಕ್ಕಳು ನಗುತ್ತಾರೆ. ‘ಬದಲಾವಣೆ’ ಅತಿ ಅಗಲ. ಸತ್ತ ಮೇಲೂ ದೇಹ ಬದಲಾಗುತ್ತದೆ: ರಕ್ತ ಕೆಳಮಗ್ಗುಲಿಗೆ ಇಳಿಯುತ್ತದೆ, ಪಿತ್ತಕೋಶದ ಪಕ್ಕದ ಭಾಗಕ್ಕೆ ಹಸಿರು ಬಣ್ಣ ಹಿಡಿಯುತ್ತದೆ, ಹೊಟ್ಟೆ ಉಬ್ಬುತ್ತದೆ. ಇವು ಯಾವುವೂ ಲೀಷನ್ ಅಲ್ಲ. ಕೊಳೆತದ ಹಸಿರನ್ನು ರೋಗದ ಬಣ್ಣವೆಂದು ಬರೆದುಕೊಳ್ಳುವುದು ಹೊಸಬರು ಮಾಡುವ ಮೊದಲ ತಪ್ಪು. ಹಾಗಾಗಿ ಪದದಲ್ಲಿ ರೋಗದ ಹೆಸರು ಇರಲೇಬೇಕು. ಬೆರಳಿಟ್ಟು ತೋರಿಸಲು, ಒಂದು ಎರಡು ಎಂದು ಎಣಿಸಲು ಬರಬೇಕು. ನನ್ನ ಸಲಹೆ: ರೋಗಗುರುತು.

ಇನ್ನೊಂದು ಮಾತು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ನೀವು 11 ಕಡೆಯೂ ಒಂದೇ ಪದ ಹುಡುಕುತ್ತಿರುವುದೇ ತೊಂದರೆಯ ಮೂಲ. ದನ ಸಾಕುವವರ ಕನ್ನಡವನ್ನು ನೋಡಿ: ಕೆಚ್ಚಲು ಬಾವು, ಚರ್ಮಗಂಟು ರೋಗ, ಕಾಲುಬಾಯಿ ರೋಗ, ನೀಲಿನಾಲಿಗೆ. ಎಲ್ಲದರಲ್ಲೂ ಅಂಗದ ಹೆಸರಿದೆ, ಹೆಚ್ಚಿನವುಗಳಲ್ಲಿ ಅದಕ್ಕೆ ಏನಾಗಿದೆ ಎಂಬುದೂ ಇದೆ. ರೋಗಶಾಸ್ತ್ರಜ್ಞ ವರದಿಯ ಕೊನೆಗೆ ಬರೆಯುವುದೂ ಇದನ್ನೇ, ಯಾವ ಅಂಗ, ಏನಾಗಿದೆ, ಎಷ್ಟು, ಎಷ್ಟು ಕಾಲದಿಂದ. ಕೆಚ್ಚಲು ಬಾವಿನ ಇಂಗ್ಲಿಷ್ ಹೆಸರು ‘ಮ್ಯಾಸ್ಟೈಟಿಸ್’ ಎಂಬುದರ ಕೊನೆಯ ‘ಐಟಿಸ್’ ಗ್ರೀಕಿನಲ್ಲಿ ಬರೀ ‘ಅದಕ್ಕೆ ಸೇರಿದ’ ಎಂಬರ್ಥದ ಪ್ರತ್ಯಯ. ಉರಿಯೂತದ ಅರ್ಥ ಆಮೇಲೆ ಅಂಟಿಕೊಂಡದ್ದು. ನಮ್ಮ ‘ಬಾವು’ ಹಾಗಲ್ಲ. ಕಾಲು ಬಾತಿದೆ ಎನ್ನುವ ಕ್ರಿಯಾಪದದ ನೆಂಟ ಅದು, ಕಣ್ಣಿಗೆ ಕಂಡದ್ದನ್ನೇ ಹೇಳುತ್ತದೆ. ಮೊದಲ ಶತಮಾನದಲ್ಲಿ ರೋಮಿನ ವೈದ್ಯಗ್ರಂಥಕಾರ ಸೆಲ್ಸಸ್ ಉರಿಯೂತಕ್ಕೆ ನಾಲ್ಕು ಗುರುತು ಕೊಟ್ಟ: ಕೆಂಪು, ಬಾವು, ಬಿಸಿ, ನೋವು. ಆತನ ಪಟ್ಟಿಯ ಎರಡನೆಯದನ್ನು ಹಟ್ಟಿಯ ಕನ್ನಡ ತನ್ನಷ್ಟಕ್ಕೆ ತಾನೇ ಹಿಡಿದಿದೆ. ಮುಂದೆ ಸೇರಿದ ಐದನೆಯ ಗುರುತು ‘ಕೆಲಸ ಕೆಡುವುದು’. ಅದರ ಲ್ಯಾಟಿನ್ ಹೆಸರಿನಲ್ಲಿರುವ ‘ಲೈಸಾ’ ಕೂಡ ಆ ಲೈದೆರೆಯಿಂದಲೇ ಬಂದದ್ದು. ಅಲ್ಲಿಯೂ ಅದರ ಅರ್ಥ ಬರೀ ಗಾಯ ಅಲ್ಲ, ಗಮನಿಸಿ.

ಇತಿಹಾಸದ ಫಲಕದಲ್ಲಿ ಒಂದು ಸಾಲಿಗೆ ಜಾಗವಿದ್ದರೆ 1761ನ್ನು ಬಿಡಬೇಡಿ. ಆ ವರ್ಷ ಇಟಲಿಯಲ್ಲಿ ಮೋರ್ಗಾನಿ ನೂರಾರು ಶವಪರೀಕ್ಷೆಗಳ ಗ್ರಂಥ ಹೊರತಂದು ರೋಗಕ್ಕೆ ಅಂಗದಲ್ಲೊಂದು ನೆಲೆ ಇದೆ ಎಂದು ತೋರಿಸಿದ. ಅದೇ ವರ್ಷ ಫ್ರಾನ್ಸಿನ ಲಿಯೋನ್‌ನಲ್ಲಿ ಬೂರ್ಜೆಲಾ ಪಶುವೈದ್ಯ ಶಾಲೆಗೆ ಅನುಮತಿ ಪಡೆದ. ದನಗಳ ಮಾರಿಯಾದ ದೊಡ್ಡರೋಗ ಯುರೋಪನ್ನು ಹಿಂಡುತ್ತಿದ್ದ ಕಾಲ. 1858ರಲ್ಲಿ ಜರ್ಮನಿಯ ವೈದ್ಯ ವಿರ್ಖೋವ್ ಆ ನೆಲೆಯನ್ನು ಅಂಗದಿಂದ ಜೀವಕೋಶಕ್ಕೆ ಇಳಿಸಿದ. ಮನುಷ್ಯನ ವೈದ್ಯಕ್ಕೂ ಪ್ರಾಣಿಗಳ ವೈದ್ಯಕ್ಕೂ ನಡುವೆ ಗೆರೆ ಎಳೆಯಬಾರದೆಂದವನೂ ಅವನೇ. 2011ರಲ್ಲಿ ಆ ದೊಡ್ಡರೋಗ ಭೂಮಿಯಿಂದಲೇ ತೊಲಗಿತೆಂಬ ಘೋಷಣೆಯಾಯಿತು.

ಐದನೆಯ ಉತ್ತರ, 8.50

‘ರೋಗಗುರುತು’ ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಕೂಡಿಸಿದ ದೋಷ. ಚರ್ಚೆ ಮುಗಿಯಿತು.

ಜೊತೆಗೆ, ಪ್ರಾಣಿಗಳಿಗೆ ‘ಶವಪರೀಕ್ಷೆ’ ಎನ್ನುವುದೂ ತಪ್ಪು. ಆಟಾಪ್ಸಿ ಎಂದರೆ ಸ್ವಜಾತಿಯ ಶವ ನೋಡುವುದು, ಅಂದರೆ ಮನುಷ್ಯರದ್ದು. ಪ್ರಾಣಿಗಳದ್ದು ನೆಕ್ರಾಪ್ಸಿ. ಎರಡಕ್ಕೂ ಬೇರೆ ಬೇರೆ ಪದ ಬೇಕು.

ನಾಲ್ಕನೆಯ ಉತ್ತರದವರು, 9.10

ಆ ‘ಸ್ವಜಾತಿ’ ಅರ್ಥ ಆಮೇಲೆ ಕಟ್ಟಿದ್ದು. ಆಟಾಪ್ಸಿ ಗ್ರೀಕಿನಲ್ಲಿ ‘ಸ್ವತಃ ಕಣ್ಣಾರೆ ನೋಡುವುದು’. ನೆಕ್ರಾಪ್ಸಿ ‘ಸತ್ತದ್ದನ್ನು ನೋಡುವುದು’. ಕನ್ನಡದ ಶವಪರೀಕ್ಷೆ ಎರಡನೆಯದಕ್ಕೆ ಅಕ್ಷರಶಃ ಹೊಂದುತ್ತದೆ. ಇಂಗ್ಲಿಷಿನವರ ಜಗಳವನ್ನು ನಾವೇಕೆ ಮನೆಗೆ ತರಬೇಕು?

ಅರಿಸಮಾಸದ ಬಗ್ಗೆ: ಬಿರುದುಗಳಲ್ಲಿ, ಹಿಂದಿನ ಕವಿಗಳ ಪ್ರಯೋಗವಿದ್ದಲ್ಲಿ ಹಳಗನ್ನಡದ ವ್ಯಾಕರಣಕಾರ ಕೇಶಿರಾಜನೇ ಅದಕ್ಕೆ ಎಡೆ ಕೊಟ್ಟಿದ್ದಾನೆ. ‘ಮಳೆಗಾಲ’ ಎನ್ನುವಾಗ ನಿಮಗೆ ನಾಲಿಗೆ ತಡೆಯುವುದಿಲ್ಲ, ‘ರೋಗಗುರುತು’ವಿಗೆ ಮಾತ್ರ ತಡೆಯುತ್ತದೆಯೇ?

ಐದನೆಯ ಉತ್ತರದವರು, 9.18

ಮಳೆಗಾಲಕ್ಕೆ ಪ್ರಯೋಗಬಲವಿದೆ, ನಿಮ್ಮ ಪದಕ್ಕೆ ಇಲ್ಲ. ಕಾಲು ಮುರಿದ ಕುದುರೆಯ ಮೂಳೆಯೂ ಲೀಷನ್ನೇ. ಅದು ಯಾವ ರೋಗದ ಗುರುತು?

ನಾಲ್ಕನೆಯ ಉತ್ತರದವರು, 9.30

ಮೂಳೆಯ ಮಾತು ನ್ಯಾಯವಾದದ್ದು. ಶಾಸ್ತ್ರದಲ್ಲಿ ಪೆಟ್ಟೂ ರೋಗಕಾರಣಗಳಲ್ಲೇ ಒಂದು, ಆ ಅರ್ಥದಲ್ಲಿ ಪದ ನಿಲ್ಲುತ್ತದೆ. ಆದರೆ ಸಾಮಾನ್ಯ ಓದುಗನಿಗೆ ಅಲ್ಲಿ ತೊಡಕಾಗಬಹುದು. ಮೂಳೆಯ ಫಲಕವಿದ್ದರೆ ‘ಮುರಿತ’ ಎಂದು ನೇರವಾಗಿ ಬರೆಯಲಿ.

ಎರಡನೆಯ ಉತ್ತರದವರು, 9.41

ಬೇನೆ ಎಲ್ಲಿಂದಲಾದರೂ ಬಂದಿರಲಿ, ಸಾವಿರ ವರ್ಷ ನಮ್ಮ ಬಾಯಲ್ಲಿ ಸವೆದು ನಮ್ಮದಾಗಿದೆ. ‘ಕ್ಷತ’, ‘ಸಂಪ್ರಾಪ್ತಿ’ ಸವೆದಿಲ್ಲ. ನಾನು ಕೇಳುತ್ತಿರುವುದು ಸವೆದದ್ದನ್ನು. ಸಾಲ ತೆಗೆದುಕೊಳ್ಳುವುದಕ್ಕೆ ನನ್ನ ತಕರಾರಿಲ್ಲ, ಜನರ ಬಾಯಿಗೆ ಹಾಕದೆ ನೇರವಾಗಿ ಗೋಡೆಗೆ ಅಂಟಿಸುವುದಕ್ಕೆ ತಕರಾರು.

ಮೂರನೆಯ ಉತ್ತರ ಬರೆದವರು, 9.47

ಗೋಡೆಗೆ ಅಂಟಿಸದೆ ಜನರ ಬಾಯಿಗೆ ಬರುವುದು ಹೇಗೆ? ‘ಜೀವಕೋಶ’ ಪಠ್ಯಪುಸ್ತಕದಿಂದಲೇ ಮನೆಮಾತಾಯಿತು.

ಅನುವಾದಕಿ, 10.20

ಎಲ್ಲರಿಗೂ ಧನ್ಯವಾದ. ಕುಳಿತು 11 ಕಡೆಯನ್ನೂ ಮತ್ತೆ ನೋಡಿದೆ. 8 ಕಡೆ ಸಾಮಾನ್ಯ ಪದದ ಅಗತ್ಯವೇ ಇರಲಿಲ್ಲ. ಗಂಟು, ಬಾವು, ತೂತು, ಕೊಬ್ಬು ತುಂಬಿರುವುದು, ಹೀಗೆ ಕಂಡದ್ದನ್ನೇ ಬರೆದೆ. ಉಳಿದ 3 ಕಡೆ ‘ರೋಗಗುರುತು’. ಸಂಪ್ರಾಪ್ತಿಯನ್ನು ಪ್ರವೇಶದ ಫಲಕದಲ್ಲಿ ಒಮ್ಮೆ ವಿವರಣೆಯೊಂದಿಗೆ ಇಟ್ಟಿದ್ದೇನೆ. ಶ್ವಾಸಕೋಶದ ಫಲಕ ಈಗ ಹೀಗಿದೆ:

“ಕ್ಷಯ ತಗುಲಿದ ಹಸುವಿನ ಶ್ವಾಸಕೋಶ. ಬಿಳಿಚಿದ ಗಂಟುಗಳನ್ನು ನೋಡಿ. ರೋಗಾಣುವನ್ನು ಕೂಡಿಹಾಕಲು ದೇಹ ಕಟ್ಟಿದ ಗೋಡೆಗಳು ಇವು. ಕೊಯ್ದರೆ ಚಾಕುವಿಗೆ ಮರಳಿನಂತೆ ತಾಗುತ್ತವೆ.”

ಪಶುವೈದ್ಯರೇ, ‘ಮರಳಿನಂತೆ’ ನಿಮ್ಮ ಮಾತು, ಕೇಳದೆ ಬಳಸಿಕೊಂಡೆ. ಬೇಡವಾದರೆ ಬೆಳಿಗ್ಗೆ 7ರೊಳಗೆ ಹೇಳಿ.

ನಾಲ್ಕನೆಯ ಉತ್ತರದವರು, 10.26

ಇರಲಿ. ‘ಗಂಟುಗಳನ್ನು ನೋಡಿ’ ಎನ್ನುವಲ್ಲಿ ಒಂದು ಬಾಣದ ಗುರುತು ಹಾಕಿಸಿ. ಶ್ವಾಸಕೋಶದ ಬುಡದಲ್ಲಿರುವ ದುಗ್ಧರಸ ಗ್ರಂಥಿಯಲ್ಲೂ (ಲಿಂಫ್ ನೋಡ್) ಗಂಟು ಇರುತ್ತದೆ. ಎಲ್ಲರೂ ಅದನ್ನು ನೋಡದೆ ಮುಂದೆ ಹೋಗಿಬಿಡುತ್ತಾರೆ.

ಐದನೆಯ ಉತ್ತರದವರು, 10.31

ಅರಿಸಮಾಸ ಅರಿಸಮಾಸವೇ.