ಜ್ವರ, ಗಂಟಲು ಕೆರೆತ ಇದೆ. ಕಿಟ್‌ನಲ್ಲಿ ಮಾತ್ರ ಒಂದೇ ಗೆರೆ

ತಿಳಿನೀರು:
ನಿನ್ನೆ ಸಂಜೆಯಿಂದ ಗಂಟಲು ಕೆರೆತ, ಮೈಕೈ ನೋವು, ಸಣ್ಣ ಜ್ವರ. ಇವತ್ತು ಬೆಳಿಗ್ಗೆ ಮನೆಯಲ್ಲೇ ಕೋವಿಡ್‌ನ ರ‍್ಯಾಪಿಡ್ ಆಂಟಿಜೆನ್ ಟೆಸ್ಟ್ ಮಾಡಿದರೆ ಸಿ (ಕಂಟ್ರೋಲ್) ಹತ್ತಿರ ಮಾತ್ರ ಗೆರೆ ಬಂತು. ಮಧ್ಯಾಹ್ನ ಬಿಸಾಡುವಾಗ ನೋಡಿದರೆ ಟಿ (ಟೆಸ್ಟ್) ಹತ್ತಿರವೂ ಬೂದು ನೆರಳಿನ ಹಾಗೆ ಏನೋ ಇದೆ. ಇದನ್ನ ಪಾಸಿಟಿವ್ ಅನ್ನಬೇಕಾ? ಮತ್ತೆ ಯಾವಾಗ ಮಾಡೋದು? ಮುಂದಿನ ವಾರ ಕೋವಿಡ್ ಲಸಿಕೆಯ ಬೂಸ್ಟರ್ ಹಾಕಿಸೋದಿದೆ, ಮುಂದೂಡಬೇಕಾ? ಲಸಿಕೆ ಹಾಕಿಸಿಕೊಂಡ ಮೇಲೆ ಟೆಸ್ಟ್ ಹೇಗೂ ಪಾಸಿಟಿವ್ ಬರುತ್ತೆ ಅಂತಾರಲ್ಲ, ಅದು ನಿಜವಾ? ಮನೆಯಲ್ಲಿ 70 ದಾಟಿದವರಿದ್ದಾರೆ, ಅದಕ್ಕೇ ಇಷ್ಟು ಕೇಳ್ತಿರೋದು.

ಲ್ಯಾಬ್‌ಮೇಜು:
ಹೊತ್ತು ಮೀರಿ ಕಂಡ ಗೆರೆಯನ್ನ ಲೆಕ್ಕಕ್ಕೆ ಹಿಡಿಯಬೇಡಿ. ಹೆಚ್ಚಿನ ಕಿಟ್‌ಗಳನ್ನ 15ನೇ ನಿಮಿಷಕ್ಕೆ ನೋಡಬೇಕು. 20 ಅಥವಾ 30 ನಿಮಿಷ ದಾಟಿತೋ, ಆ ಕ್ಯಾಸೆಟ್ಟಿನ (ಗೆರೆ ಮೂಡುವ ಪ್ಲಾಸ್ಟಿಕ್ ತಟ್ಟೆಯ) ಕತೆ ಮುಗೀತು. ನಿಮ್ಮ ಕಿಟ್‌ನ ಗಡುವು ಎಷ್ಟು ಅಂತ ಡಬ್ಬಿಯೊಳಗಿನ ಚೀಟಿಯಲ್ಲೇ ಇರುತ್ತೆ.

ಒಳಗಿರೋದು ನೈಟ್ರೋಸೆಲ್ಯುಲೋಸ್ ಪಟ್ಟಿ. ಹನಿ ಬಿದ್ದ ಕೂಡಲೇ ದ್ರವ ಅದರಲ್ಲಿ ಇಂಗುತ್ತಾ ಮುಂದೆ ಹೋಗುತ್ತೆ, ಜೊತೆಗೆ ಬಣ್ಣದ ಕಣಗಳನ್ನೂ ಎಳೆದುಕೊಂಡು ಹೋಗುತ್ತೆ (ಸಾಮಾನ್ಯವಾಗಿ ಚಿನ್ನದ ನ್ಯಾನೊಕಣಗಳು). ಆ ಕಣಗಳಿಗೆ ಅಂಟಿಸಿದ ಆಂಟಿಬಾಡಿ (ವೈರಸ್ಸಿನ ಭಾಗವನ್ನ ಗುರುತಿಸಿ ಹಿಡಿಯುವ ಪ್ರೋಟೀನ್) ವೈರಸ್ಸಿನ ಒಳಗಿನ ಎನ್ ಪ್ರೋಟೀನ್ ಅನ್ನ ಹಿಡಿದಿದ್ದರೆ, ಟಿ ಜಾಗದಲ್ಲಿರುವ ಇನ್ನೊಂದು ಆಂಟಿಬಾಡಿ ಅದನ್ನ ಅಲ್ಲೇ ತಡೆಯುತ್ತೆ. ಕಣಗಳು ಒಟ್ಟುಗೂಡಿ ಗೆರೆ ಕಾಣುತ್ತೆ. ಪಟ್ಟಿ ಒಣಗತೊಡಗಿದ ಮೇಲೆ ಮಿಕ್ಕ ಕಣಗಳು ಅಲ್ಲಲ್ಲೇ ಕೂತುಬಿಡುತ್ತವೆ, ನಿಮಗೆ ಕಂಡ ಬೂದು ನೆರಳು ಹೆಚ್ಚಾಗಿ ಹಾಗೆ ಬಂದದ್ದು. ಆದರೆ ಗಡುವಿನೊಳಗೆ ಬಣ್ಣದ ಗೆರೆ ಬಂದರೆ ಅದು ಎಷ್ಟು ತೆಳುವಾಗಿದ್ದರೂ ಪಾಸಿಟಿವ್ವೇ. "ಅರ್ಧ ಪಾಸಿಟಿವ್" ಅನ್ನೋದು ಇಲ್ಲ.

ಇನ್ನು ಸಿ ಗೆರೆ. ಅದು ಬರದಿದ್ದರೆ ಟಿ ಬಂದಿದ್ದರೂ ಟೆಸ್ಟ್ ಅಸಿಂಧು. ಬಂದರೆ? ದ್ರವ ಪಟ್ಟಿಯುದ್ದಕ್ಕೂ ಹರಿದಿದೆ ಅಂತ ಅಷ್ಟೇ. ಮೂಗಿಗೆ ಕಡ್ಡಿಯನ್ನೇ ಹಾಕದೆ ಬರೀ ಬಫರ್ (ಕಿಟ್ ಜೊತೆ ಕೊಳವೆಯಲ್ಲಿ ಬರುವ ದ್ರವ) ಬಿಟ್ಟರೂ ಹೆಚ್ಚಿನ ಕಿಟ್‌ಗಳಲ್ಲಿ ಸಿ ಬರುತ್ತೆ. "ಸಿ ಬಂದಿದೆ, ಅಂದರೆ ಸರಿಯಾಗಿ ಮಾಡಿದ್ದೀನಿ" ಅಂತ ನೆಮ್ಮದಿಯಾಗಿ ಕೂರೋ ಹಾಗಿಲ್ಲ.

ಲಕ್ಷಣ ಶುರುವಾದ ದಿನ ನೆಗೆಟಿವ್ ಬರೋದು ತೀರಾ ಸಾಮಾನ್ಯ. ಜ್ವರ, ನೋವು ನಿಮ್ಮ ದೇಹದ ಪ್ರತಿರೋಧದ ಗುರುತು. ಮೂಗಿನಲ್ಲಿ ವೈರಸ್ ಗೆರೆ ಮೂಡಿಸುವಷ್ಟಾಗೋಕೆ ಇನ್ನೂ ಒಂದೆರಡು ದಿನ ಹಿಡಿಯಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರ ಆಗಸ್ಟಿನಲ್ಲಿ ಹೇಳಿದ ಲೆಕ್ಕ ಇದು: ಲಕ್ಷಣ ಇದ್ದರೆ 48 ಗಂಟೆ ಅಂತರದಲ್ಲಿ ಕನಿಷ್ಠ ಎರಡು ಟೆಸ್ಟ್, ಲಕ್ಷಣ ಇಲ್ಲದಿದ್ದರೆ ಅದೇ ಅಂತರದಲ್ಲಿ ಮೂರು. ನಿಮಗೆ ನಾಡಿದ್ದು ಬೆಳಿಗ್ಗೆ ಎರಡನೆಯದು. ಅಲ್ಲಿವರೆಗೆ ಪಾಸಿಟಿವ್ ಅಂತಲೇ ಭಾವಿಸಿ ಬೇರೆ ಕೋಣೆಯಲ್ಲಿರಿ, ಹೊರಬರುವಾಗ ಮಾಸ್ಕ್ ಹಾಕಿ, ಕಿಟಕಿ ತೆರೆದಿಡಿ.

ಕಡ್ಡಿಡಬ್ಬಿ:
ಮೇಲಿನವರು ಹೇಳಿದ್ದು ಸರಿ, ಆದರೆ ನೆಗೆಟಿವ್‌ಗಳಲ್ಲಿ ಒಂದಿಷ್ಟು ಕೈತಪ್ಪಿನಿಂದಲೂ ಬರುತ್ತವೆ. ಎರಡನೇ ಸಲ ಮಾಡುವಾಗ ಇಷ್ಟು ನೋಡಿಕೊಳ್ಳಿ.

ಫ್ರಿಜ್‌ನಲ್ಲಿಟ್ಟಿದ್ದರೆ ಮೊದಲು ಹೊರಗಿಟ್ಟು ತಣ್ಣಗಿರೋದು ಹೋಗಲಿ. ಮೂಗಿನ ಸಿಂಬಳ ತೆಗೆದು, ಕೈ ತೊಳೆದು ಒರೆಸಿಕೊಂಡು, ಆಮೇಲೆ ಕ್ಯಾಸೆಟ್ಟಿನ ಪೊಟ್ಟಣ ಒಡೆಯಿರಿ. ಮುಂಚೆಯೇ ಒಡೆದಿಟ್ಟರೆ ಪಟ್ಟಿ ಗಾಳಿಯ ತೇವ ಹೀರಿಕೊಳ್ಳುತ್ತೆ. ಕಡ್ಡಿಯ ಹತ್ತಿ ತುದಿ ಎಲ್ಲೂ ತಾಗಬಾರದು. ಮೂಗಿನ ಹೊಳ್ಳೆಯೊಳಗೆ ಸುಮಾರು 2 ಸೆಂ.ಮೀ., ಅಂದರೆ ಹತ್ತಿ ತುದಿ ಪೂರ್ತಿ ಒಳಗೆ ಹೋಗಿ ಸ್ವಲ್ಪ ತಡೆ ಸಿಗುವವರೆಗೆ. ಸುಮ್ಮನೆ ನಡುವೆ ತಿರುಗಿಸಿದರೆ ಏನೂ ಸಿಗಲ್ಲ, ಗೋಡೆಗೆ ಒತ್ತಿ ಉಜ್ಜಬೇಕು: ಐದು ಸುತ್ತು, ಸುಮಾರು 15 ಸೆಕೆಂಡು. ಅದೇ ಕಡ್ಡಿಯಿಂದ ಇನ್ನೊಂದು ಹೊಳ್ಳೆ. ಜನ ಒಂದೇ ಹೊಳ್ಳೆಗೆ ನಿಲ್ಲಿಸಿಬಿಡ್ತಾರೆ.

ಕಡ್ಡಿಯನ್ನ ತಕ್ಷಣ ಬಫರಿಗೆ ಅದ್ದಿ, ಚೀಟಿಯಲ್ಲಿ ಹೇಳಿದಷ್ಟು ಸಲ ತಿರುಗಿಸಿ. ತೆಗೆಯುವಾಗ ಕೊಳವೆಯನ್ನ ಹೊರಗಿನಿಂದ ಹಿಸುಕಿ ಹತ್ತಿಯನ್ನ ಹಿಂಡಿ. ಹಾಗೇ ಎಳೆದರೆ ಸಿಕ್ಕಿದ್ದ ವೈರಸ್ಸಿನ ಒಂದು ಪಾಲು ಹತ್ತಿಯಲ್ಲೇ ಹೋಗುತ್ತೆ. ಹನಿ ಎಷ್ಟು ಅಂತಿದೆಯೋ ಅಷ್ಟೇ, 3 ಅಂದರೆ 3. ಗುಳ್ಳೆ ಬಿದ್ದರೆ ಅದು ಹನಿಯಲ್ಲ. ಹೆಚ್ಚಾದರೆ ಕ್ಯಾಸೆಟ್ಟಿನಲ್ಲಿ ಗೆರೆ ಕಾಣುವ ಕಿಟಕಿಯೆಲ್ಲ ಕೆಂಪಗಾಗಿ ಗೆರೆ ತಿಳಿಯಲ್ಲ, ಕಮ್ಮಿಯಾದರೆ ದ್ರವ ಸಿ ತಲುಪಲ್ಲ. ಕ್ಯಾಸೆಟ್ ಸಮತಟ್ಟಾದ ಜಾಗದಲ್ಲಿರಲಿ. ಮೂಗಿನಿಂದ ರಕ್ತ ಬರ್ತಿದ್ದರೆ ಆವತ್ತು ಬೇಡ.

ಬಫರ್ ಚೆಲ್ಲಿತು ಅಂತ ನೀರೋ ಸಲೈನೋ ಹಾಕಬೇಡಿ. ಆಮ್ಲೀಯತೆಯನ್ನ ಹಿಡಿತದಲ್ಲಿಡೋದು ಆ ಬಫರ್. ಅದಿಲ್ಲದೆ ಹಣ್ಣಿನ ರಸವನ್ನೋ ಸೋಡಾ ಪಾನೀಯವನ್ನೋ ಬಿಟ್ಟರೂ ಟಿ ಗೆರೆ ಬರೋದುಂಟು. ("ಕಿಟ್ ಎಲ್ಲಾ ಮೋಸ" ಅಂತ ಓಡಾಡಿದ ವಿಡಿಯೊಗಳ ಗುಟ್ಟು ಅದೇ.)

ಸೂಜಿಮೊನೆ:
ಲಸಿಕೆ ವಿಚಾರ. ಲಸಿಕೆಯಿಂದ ಆಂಟಿಜೆನ್ ಟೆಸ್ಟಾಗಲಿ ಆರ್‌ಟಿಪಿಸಿಆರ್ (ಲ್ಯಾಬಿನಲ್ಲಿ ವೈರಸ್ಸಿನ ಆರ್‌ಎನ್‌ಎ ಹುಡುಕುವ ಟೆಸ್ಟ್) ಆಗಲಿ ಪಾಸಿಟಿವ್ ಬರಲ್ಲ. ಫೈಜರ್, ಮಾಡರ್ನಾ, ಕೋವಿಶೀಲ್ಡ್ ಇವೆಲ್ಲ ದೇಹಕ್ಕೆ ತೋರಿಸೋದು ವೈರಸ್ಸಿನ ಮೇಲ್ಮೈಯ ಸ್ಪೈಕ್ ಪ್ರೋಟೀನ್ ಮಾತ್ರ. ಕಿಟ್ ಹುಡುಕೋದು ಎನ್ ಪ್ರೋಟೀನ್. ಕೋವ್ಯಾಕ್ಸಿನ್‌ನಂಥ ನಿಷ್ಕ್ರಿಯ ವೈರಸ್ ಲಸಿಕೆಯಲ್ಲಿ ಎನ್ ಪ್ರೋಟೀನ್ ಇದ್ದರೂ ಅದು ಹೋಗೋದು ತೋಳಿನ ಸ್ನಾಯುವಿಗೆ, ಮೂಗಿಗಲ್ಲ. ಲಸಿಕೆಯಿಂದ ಪಾಸಿಟಿವ್ ಬರಬಹುದಾದ್ದು ರಕ್ತದ ಆಂಟಿಬಾಡಿ ಟೆಸ್ಟು. ಜನ ಈ ಎರಡನ್ನ ಕಲಸಿಬಿಟ್ಟಿದ್ದಾರೆ.

ಬೂಸ್ಟರ್ ಆದ ಮೇಲೆ ತೋಳು ನೋವು, ಜ್ವರ, ಸುಸ್ತು, ಕಂಕುಳಲ್ಲಿ ಗಂಟು ಬರಬಹುದು. ಜ್ವರ, ಸುಸ್ತು ಒಂದೆರಡು ದಿನದಲ್ಲಿ ಇಳಿಯುತ್ತವೆ, ಗಂಟು ಹೋಗೋಕೆ ಇನ್ನಷ್ಟು ದಿನ ಬೇಕಾಗಬಹುದು. ಕೆಮ್ಮು, ಗಂಟಲು ಕೆರೆತ, ಮೂಗು ಸೋರೋದು, ವಾಸನೆ ಹೋಗೋದು ಲಸಿಕೆಯ ಪರಿಣಾಮ ಅಲ್ಲ. ಅವು ಕಂಡರೆ ಟೆಸ್ಟ್ ಮಾಡಿ. ಎದೆನೋವು, ಉಸಿರು ಕಟ್ಟಿದ ಹಾಗಾಗೋದು, ಎದೆ ಬಡಿತ ಏರುಪೇರು ಇದ್ದರೆ ಕಾಯದೆ ಡಾಕ್ಟರ ಹತ್ತಿರ ಹೋಗಿ. ಎಂಆರ್‌ಎನ್‌ಎ (ಫೈಜರ್, ಮಾಡರ್ನಾ) ಲಸಿಕೆಗಳಲ್ಲಿ ಹೃದಯ ಸ್ನಾಯುವಿನ ಉರಿಯೂತ ಅಪರೂಪಕ್ಕೆ, ಹೆಚ್ಚಾಗಿ ಹರೆಯದ ಗಂಡುಮಕ್ಕಳಲ್ಲಿ ಕಂಡಿದೆ.

ಈಗ ಜ್ವರ ಇರುವಾಗ ಹಾಕಿಸಬೇಡಿ. ಪಾಸಿಟಿವ್ ಆದರೆ ಮೂರು ತಿಂಗಳವರೆಗೆ ಮುಂದೂಡಬಹುದು. ನೆಗೆಟಿವ್ ಆಗಿ ಬೇರೆ ನೆಗಡಿ ಅಂತಾದರೆ ಜ್ವರ ಪೂರ್ತಿ ಬಿಟ್ಟ ಮೇಲೆ ಹಾಕಿಸಿ.

ತಿಳಿನೀರು:
ಧನ್ಯವಾದ. ಇನ್ನೆರಡು: ಉಳಿದ ಕಿಟ್ ಬಿಸಿಲಲ್ಲಿ ನಿಂತ ಕಾರಿನೊಳಗಿತ್ತು, ನಡೆಯುತ್ತಾ? ಗಂಟಲಿನಿಂದ ತೆಗೆದರೆ ಬೇಗ ಗೊತ್ತಾಗುತ್ತೆ ಅಂತಾರೆ, ನಿಜವಾ?

ಕಡ್ಡಿಡಬ್ಬಿ:
ಕಾರಿನದ್ದು ಬೇಡ. ಹೆಚ್ಚಿನವುಗಳ ಮೇಲೆ 2ರಿಂದ 30 ಡಿಗ್ರಿ ಅಂತಿರುತ್ತೆ, ಬಿಸಿಲಿನ ಕಾರು ಅದನ್ನ ಸುಲಭವಾಗಿ ದಾಟುತ್ತೆ. ಟಿಯ ಆಂಟಿಬಾಡಿ ಕೆಟ್ಟು ಸಿ ಮಾತ್ರ ಚೆನ್ನಾಗಿ ಬಂದರೆ ನಿಮಗೆ ಗೊತ್ತಾಗೋದೇ ಇಲ್ಲ. ಗಂಟಲಲ್ಲಿ ವೈರಸ್ ಮೊದಲು ಕಾಣೋದು ಹಲವರಲ್ಲಿ ಇದೆ, ನನ್ನ ಪ್ರಕಾರ ಒಮ್ಮೆ ಮಾಡಿ ನೋಡಿದರೆ ನಷ್ಟವಿಲ್ಲ.

ಲ್ಯಾಬ್‌ಮೇಜು:
ಇಲ್ಲಿ ನನ್ನದು ಬೇರೆ ಅಭಿಪ್ರಾಯ. ಕಿಟ್‌ನ ಚೀಟಿಯಲ್ಲಿ ಗಂಟಲು ಅಂತ ಬರೆದಿದ್ದರೆ ಮಾತ್ರ ಮಾಡಿ: 30 ನಿಮಿಷ ಏನೂ ತಿನ್ನದೆ ಕುಡಿಯದೆ, ಮೊದಲು ಗಂಟಲು, ಆಮೇಲೆ ಮೂಗು. ಮೂಗಿಗೆ ಮಾತ್ರ ಪರೀಕ್ಷಿಸಿದ ಕಿಟ್‌ನಲ್ಲಿ ಗಂಟಲಿನ ಗೆರೆ ಬಂದರೆ ನಂಬೋದಾ ಬಿಡೋದಾ ಅನ್ನೋ ಹೊಸ ಗೊಂದಲ, ಕೊನೆಗೆ ಪಿಸಿಆರೇ ಮಾಡಿಸಬೇಕು.

ಪಿಸಿಆರ್ ಒಂದೊಂದು ಸುತ್ತಿಗೂ ಆರ್‌ಎನ್‌ಎಯ ಪ್ರತಿಯನ್ನ ದುಪ್ಪಟ್ಟು ಮಾಡುತ್ತೆ, ಹಾಗಾಗಿ ಬೇಗ ಹಿಡಿಯುತ್ತೆ. ಆದರೆ ಗುಣವಾದ ಮೇಲೂ ವಾರಗಟ್ಟಲೆ, ಕೆಲವರಲ್ಲಿ 90 ದಿನದವರೆಗೂ ಪಾಸಿಟಿವ್ ತೋರಿಸಬಹುದು. "ವಾಸಿಯಾಯ್ತಾ" ಅಂತ ನೋಡೋಕೆ ಅದನ್ನ ಬಳಸಬೇಡಿ.

ಸೂಜಿಮೊನೆ:
ಹಿರಿಯರ ವಿಷಯ ಯಾರೂ ಎತ್ತಲಿಲ್ಲ. ಅವರಿಗೆ ಲಕ್ಷಣ ಶುರುವಾದರೆ 48 ಗಂಟೆಯ ಲೆಕ್ಕ ಹಾಕುತ್ತಾ ಕೂರಬೇಡಿ, ಆವತ್ತೇ ಡಾಕ್ಟರಿಗೆ ತಿಳಿಸಿ ಪಿಸಿಆರ್ ಕೇಳಿ. ಕೋವಿಡ್‌ಗೆ ಕೊಡುವ ನಿರ್ಮಾಟ್ರೆಲ್ವಿರ್-ರಿಟೊನಾವಿರ್ ಮಾತ್ರೆ ಲಕ್ಷಣ ಬಂದ 5 ದಿನದೊಳಗೆ ಶುರುವಾಗಬೇಕು. ಎರಡು ನೆಗೆಟಿವ್‌ಗೆ ಕಾದರೆ ಅರ್ಧ ಅವಧಿ ಹೋಯ್ತು. ಕೊಲೆಸ್ಟ್ರಾಲ್, ರಕ್ತ ತೆಳುವಾಗಿಸುವ ಕೆಲವು ಮಾತ್ರೆಗಳ ಜೊತೆ ಅದು ಆಗಿಬರಲ್ಲ, ಹಾಗಾಗಿ ಅವರು ತಗೊಳ್ಳುವ ಎಲ್ಲ ಔಷಧಿಯ ಪಟ್ಟಿ ಈಗಲೇ ಬರೆದಿಡಿ.

ಬೆರಳಿಗೆ ಆಕ್ಸಿಮೀಟರ್ (ರಕ್ತದ ಆಮ್ಲಜನಕ ಅಳೆಯುವ ಸಾಧನ) ಹಾಕುವಾಗ ಕೈ ಬೆಚ್ಚಗಿರಲಿ, ಉಗುರಿಗೆ ಬಣ್ಣ ಬೇಡ, ಅಲ್ಲಾಡದೆ ಒಂದು ನಿಮಿಷ ಕೂತು ಅಂಕಿ ನಿಂತ ಮೇಲೆ ಓದಿ. 94ಕ್ಕಿಂತ ಕೆಳಗಿದ್ದರೆ ಡಾಕ್ಟರಿಗೆ ಫೋನ್, 92 ಮುಟ್ಟಿದರೆ ನೇರ ಆಸ್ಪತ್ರೆ. ಕಪ್ಪು ಮೈಬಣ್ಣದವರಿಗೆ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಅಂಕಿ ಚೆನ್ನಾಗಿದ್ದು ಏದುಸಿರು ಇದ್ದರೆ ಏದುಸಿರನ್ನೇ ನಂಬಿ. ಪ್ಯಾರಾಸಿಟಮಾಲ್ ವಯಸ್ಕರಿಗೆ ದಿನಕ್ಕೆ 4 ಗ್ರಾಂ ಮೀರಬಾರದು, ತೂಕ ಕಡಿಮೆ ಇದ್ದರೆ ಅಥವಾ ಲಿವರ್ ತೊಂದರೆ ಇದ್ದರೆ ಇನ್ನೂ ಕಡಿಮೆ. ನೆಗಡಿ ಮಾತ್ರೆಗಳಲ್ಲೂ ಅದೇ ಸೇರಿರುತ್ತೆ, ಹಿಂಬದಿಯ ಅಕ್ಷರ ಓದಿ ಅದನ್ನೂ ಕೂಡಿಸಿ.