ಸಾಲಗಾರರ ಇಲೆವೆನ್

"ತಂಡದ ಹೆಸರಲ್ಲಿ ‘ಲೋನ್’ ಅಂತ ಎಲ್ಲಾದರೂ ಬಂದರೆ ಸಾಕಂತೆ. ಉಳಿದದ್ದು ನಮ್ಮಿಷ್ಟ," ಎಂದ ಕಿಟ್ಟಿ.

ಇಂಗ್ಲೆಂಡಿನ ಶ್ರೂಸ್‌ಬರಿಯ ನಮ್ಮ ಕನ್ನಡ ಹುಡುಗರ ಫುಟ್‌ಬಾಲ್ ತಂಡಕ್ಕೆ ಕೊನೆಗೂ ಒಬ್ಬ ಸ್ಪಾನ್ಸರ್ ಗಂಟುಬಿದ್ದಿದ್ದ. ಮನೆಸಾಲ ಕೊಡಿಸುವವನು.

ರಾಯರು ಅವಲಕ್ಕಿ ತಟ್ಟೆಯಿಂದ ತಲೆ ಎತ್ತಿದರು. "ಸಾಲಗಾರರ ಇಲೆವೆನ್ ಅಂತಲೇ ಇಡು. ನಿಮ್ಮಲ್ಲಿ ಸಾಲ ಇಲ್ಲದವನು ಯಾವನಿದ್ದಾನೆ?"

"ತಮಾಷೆ ಬೇಡ ರಾಯರೇ. ಈಗ ಎಲ್ಲಾ ಕಡೆ ಇದೇ. ಇಲ್ಲಿನ ಸ್ಟೇಡಿಯಮ್ಮಿಗೂ ಸ್ಪಾನ್ಸರ್ ಹೆಸರೇ ಅಲ್ವಾ?"

"ಸ್ಟೇಡಿಯಂ ಇಟ್ಟಿಗೆ ಕಣಯ್ಯ, ಅದಕ್ಕೇನು ಮಾನ? ಗಡಿಯಾಚೆ ಲಾನ್‌ಸಾಂಟ್‌ಫ್ರೈಡ್ ಅಂತ ಹಳ್ಳಿಯಿದೆ, ವೇಲ್ಸ್‌ನಲ್ಲಿ. ಸಾವಿರದ ಆಸುಪಾಸು ಜನ. 1959ರಲ್ಲಿ ಊರವರು ಸೇರಿ ಕ್ಲಬ್ ಕಟ್ಟಿಕೊಂಡರು. 1996ರಲ್ಲಿ ವೆಲ್ಷ್ ಕಪ್ ಫೈನಲ್‌ಗೇ ಬಂದುಬಿಟ್ಟರು. ಎದುರಿಗೆ ಲೀಗ್ ಚಾಂಪಿಯನ್ ಬ್ಯಾರಿ ಟೌನ್. ಮೂರು-ಮೂರು ಸಮ. ಪೆನಾಲ್ಟಿಯಲ್ಲಿ ಹಳ್ಳಿಯವರೇ ಗೆದ್ದರು!"

"ಭೇಷ್," ಎಂದರು ವಿಮಲಕ್ಕ. ಆಫ್‌ಸೈಡ್ ಎಂದರೆ ಏನೆಂದು ಅವರಿಗೆ ಇಂದಿಗೂ ಗೊತ್ತಿಲ್ಲ. ಹಳ್ಳಿ ಗೆದ್ದರೆ ಸಾಕು.

"ಅದೇ ವರ್ಷ ಆಸ್ವೆಸ್ಟ್ರಿಯ ಒಂದು ಕಂಪ್ಯೂಟರ್ ಕಂಪನಿ ಎರಡೂವರೆ ಲಕ್ಷ ಪೌಂಡ್ ಹಿಡಿದುಕೊಂಡು ಬಂತು. ಟೋಟಲ್ ನೆಟ್‌ವರ್ಕ್ ಸೊಲ್ಯೂಷನ್ಸ್. ಮೊದಲು ಊರಿನ ಹೆಸರಿನ ಮುಂದೆ ಕಂಪನಿ ಹೆಸರು ಕೂತಿತು. ಮುಂದಿನ ವರ್ಷ ಊರು ಎದ್ದು ಹೋಯಿತು, ಕಂಪನಿ ಕಾಲು ಚಾಚಿತು."

"ಹಾಗಾದರೆ ಹುಡುಗರು ಮೈದಾನದಲ್ಲಿ ಏನಂತ ಕೂಗೋದು?" ಸುಬ್ಬು ಕೇಳಿದ. "ಟೋಟಲ್ ನೆಟ್‌ವರ್ಕ್ ಸೊಲ್ಯೂಷನ್ಸ್‌ಗೆ ಜೈ ಅಂತ ಹೇಳುವಷ್ಟರಲ್ಲಿ ಎದುರಿನವರು ಗೋಲು ಹೊಡೆದಿರುತ್ತಾರೆ."

"ಹೊಡೆದರು ಕೂಡ. 2003ರಲ್ಲಿ ಮ್ಯಾಂಚೆಸ್ಟರ್ ಸಿಟಿ ಐದು ಹೊಡೆಯಿತು. ಗೋಲು ತಿಂದದ್ದು ಹುಡುಗರು, ಪೇಪರಿನಲ್ಲಿ ಸೋತದ್ದು ಕಂಪ್ಯೂಟರ್ ಕಂಪನಿ."

"ಅದೂ ಜಾಹೀರಾತೇ," ಎಂದ ಕಿಟ್ಟಿ. "2005ರಲ್ಲಿ ಲಿವರ್‌ಪೂಲ್ ಜೊತೆ ಚಾಂಪಿಯನ್ಸ್ ಲೀಗ್ ಅರ್ಹತಾ ಪಂದ್ಯ ಆಡಿದ್ದೂ ಇವರೇ ಅಲ್ವಾ? ಆಗಷ್ಟೇ ಯೂರೋಪ್ ಗೆದ್ದುಬಂದ ಲಿವರ್‌ಪೂಲ್!"

"ಆಡಿದರು. ಲಿವರ್‌ಪೂಲಿನ ಮೈದಾನ ಆನ್‌ಫೀಲ್ಡ್‌ನಲ್ಲಿ ಅವರ ನಾಯಕ ಜೆರಾರ್ಡ್ ಒಬ್ಬನೇ ಮೂರು ಹೊಡೆದ. ಎರಡನೇ ಪಂದ್ಯದಲ್ಲಿ, ವೇಲ್ಸ್‌ನ ರೆಕ್ಸಮ್‌ನಲ್ಲಿ, ಮತ್ತೆ ಮೂರು ಬಿತ್ತು, ಅದರಲ್ಲಿ ಎರಡು ಅವನದೇ. ಅದಿರಲಿ, ಇವರು ಗೆದ್ದಾಗಿನ ಕಥೆ ಕೇಳು. ಟಿವಿಯಲ್ಲಿ ಸ್ಕೋರು ಓದುತ್ತಿದ್ದ ಜೆಫ್ ಸ್ಟೆಲ್ಲಿಂಗ್ ಇದ್ದಾನಲ್ಲ, ಟೋಟಲ್ ನೆಟ್‌ವರ್ಕ್ ಸೊಲ್ಯೂಷನ್ಸ್‌ನ ಬೀದಿಗಳಲ್ಲಿ ಇವತ್ತು ಕುಣಿತವೋ ಕುಣಿತ ಅಂದುಬಿಟ್ಟ. ದೇಶವೇ ನಕ್ಕಿತು. ಕುಣಿಯೋಣ ಅಂದರೆ ಬೀದಿ ಎಲ್ಲಿ? ಕಂಪನಿಗೆ ಇರೋದು ಕಾರ್ ಪಾರ್ಕ್!"

ಸುಬ್ಬು ನಗುತ್ತಾ ಕೆಮ್ಮಿದ. ವಿಮಲಕ್ಕ ನೀರು ಕೊಟ್ಟರು.

"ಆಮೇಲೆ ಆ ಕಂಪನಿಯನ್ನೇ ಬಿಟಿ ಅನ್ನೋ ದೊಡ್ಡ ಟೆಲಿಫೋನ್ ಕಂಪನಿ ನುಂಗಿತು," ರಾಯರಿಗೆ ಈಗ ಹುಮ್ಮಸ್ಸು ಜಾಸ್ತಿಯಾಗಿತ್ತು. "ಹೆಸರು ಕೊಟ್ಟವರಿಗೇ ಹೆಸರಿಲ್ಲ. ಕ್ಲಬ್ಬಿನವರು ಏನು ಮಾಡಿದರು ಹೇಳು? ಹೆಸರಿಡುವ ಹಕ್ಕನ್ನು ಈಬೇನಲ್ಲಿ ಹರಾಜಿಗಿಟ್ಟರು."

"ನಾನು ಹಳೇ ಮಿಕ್ಸಿ ಮಾರಿದ್ದು ಅಲ್ಲೇ," ಎಂದರು ವಿಮಲಕ್ಕ.

"ನಿಮ್ಮ ಮಿಕ್ಸಿ ಹೋಯಿತು. ಅವರ ಹೆಸರು ಹೋಗಲಿಲ್ಲ. ಕೊನೆಗೆ 2006ರಲ್ಲಿ ‘ದಿ ನ್ಯೂ ಸೇಂಟ್ಸ್’ ಅಂತ ಇಟ್ಟುಕೊಂಡರು. ಟಿ, ಎನ್, ಎಸ್. ಮೂರಕ್ಷರ ಹಾಗೇ ಉಳಿಯಿತು. ಚೀಲ, ಬ್ಯಾನರ್ ದಂಡ ಆಗಬಾರದಲ್ಲ!"

"ಆದರೂ ರಾಯರೇ, ಲೆಕ್ಕ ನೋಡಿ," ಕಿಟ್ಟಿ ಬಿಡಲಿಲ್ಲ. "2016ರಲ್ಲಿ ಸತತ 27 ಪಂದ್ಯ ಗೆದ್ದು ಹಾಲೆಂಡಿನ ಅಯಾಕ್ಸ್ ತಂಡದ 1972ರ ದಾಖಲೆ ಮುರಿದರು. 2024ರಲ್ಲಿ ಯೂರೋಪಿನ ಕಾನ್ಫರೆನ್ಸ್ ಲೀಗಿನ ಮುಖ್ಯ ಹಂತಕ್ಕೇ ಹೋದರು. ವೇಲ್ಸ್‌ನ ಲೀಗಿನಲ್ಲಿ ಆಡುವ ಯಾವ ಕ್ಲಬ್ಬೂ ಅಲ್ಲಿವರೆಗೆ ಹೋಗಿರಲಿಲ್ಲ. ಕಜಕಸ್ತಾನದ ಅಸ್ತಾನಾ ತಂಡವನ್ನು ಇದೇ ಶ್ರೂಸ್‌ಬರಿಯಲ್ಲಿ ಸೋಲಿಸಿದರು. ಹೆಸರು ಹಿಡಿದುಕೊಂಡು ಕೂತಿದ್ದರೆ ಇದೆಲ್ಲ ಆಗುತ್ತಿತ್ತಾ?"

"ಆಗುತ್ತಿರಲಿಲ್ಲ," ಎಂದರು ರಾಯರು. ಅಷ್ಟು ಬೇಗ ಒಪ್ಪುತ್ತಾರೆಂದು ಕಿಟ್ಟಿ ಅಂದುಕೊಂಡಿರಲಿಲ್ಲ. "ಗೆದ್ದದ್ದು ಆ ಊರಲ್ಲ ಅಂತ ಅಷ್ಟೇ ನಾನು ಹೇಳೋದು. 2003ರಲ್ಲಿ ಆಸ್ವೆಸ್ಟ್ರಿ ಕ್ಲಬ್ ಜೊತೆ ಸೇರಿಸಿದರು. 2007ರಲ್ಲಿ ಮೈದಾನವನ್ನೂ ಆಸ್ವೆಸ್ಟ್ರಿಗೆ ಸಾಗಿಸಿದರು. ಅದು ಇಂಗ್ಲೆಂಡ್ ಮಾರಾಯ! ಮೊದಲು ಹೆಸರು ಹೋಯಿತು, ಆಮೇಲೆ ಕ್ಲಬ್ಬೇ ಗಡಿ ದಾಟಿತು."

"ಅಯ್ಯೋ, ಊರವರು?" ಎಂದರು ವಿಮಲಕ್ಕ.

"ಅದೇ ವರ್ಷ ಇನ್ನೊಂದು ಕ್ಲಬ್ ಮಾಡಿಕೊಂಡರು. ಹೆಸರು ಲಾನ್‌ಸಾಂಟ್‌ಫ್ರೈಡ್ ವಿಲೇಜ್. ಅದೇ ಹಳೇ ಮೈದಾನ, ಕೆಳಗಿನ ಲೀಗ್. ಯೂರೋಪಿಗೆ ಹೋದ ಊರು ಮತ್ತೆ ಪಕ್ಕದ ಊರಿನ ಮೇಲೆ ಆಡತೊಡಗಿತು."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಸುಬ್ಬು ಮಾತ್ರ ಅವಲಕ್ಕಿಯಲ್ಲಿ ಕಡಲೆಬೀಜ ಹುಡುಕುತ್ತಿದ್ದ.

"ಅಲ್ಲ ಕಿಟ್ಟಿ," ಎಂದರು ರಾಯರು, "ಆ ಲೋನಿನವನು ಕೊಡೋದೆಷ್ಟು?"

"ದುಡ್ಡಲ್ಲ ರಾಯರೇ. ಅಂಗಿ. ಹತ್ತು."

"ಆಡುವವರು ಹನ್ನೊಂದು ಜನ ಅಲ್ವಾ?" ಎಂದರು ವಿಮಲಕ್ಕ.

"ಗೋಲ್‌ಕೀಪರನದು ಬೇರೆ ಬಣ್ಣವಂತೆ. ಅದನ್ನು ನಾವೇ ತಂದುಕೊಳ್ಳಬೇಕು."

"ಆ ಅಂಗಿ ನನ್ನ ಖರ್ಚು," ಎಂದರು ರಾಯರು. "ಎದೆ ಮೇಲೆ ಏನೂ ಬರೆಸಬೇಡ."