ಕಾರು ವರ್ಕ್‌ಶಾಪ್‌ಗೆ ಅಪ್ರೆಂಟಿಸ್ ಆಗಿ ಸೇರುತ್ತಿದ್ದೇನೆ: ಮೊದಲು ಏನು ಕಲಿಯಬೇಕು, ಯಾವ ಸಾಮಾನು ಕೊಳ್ಳಬೇಕು?

ಹಾವೇರಿ_ಎಂಎಂವಿ

ಎಲ್ಲರಿಗೂ ನಮಸ್ಕಾರ. ಐಟಿಐನಲ್ಲಿ ಮೋಟಾರ್ ವೆಹಿಕಲ್ ಮೆಕ್ಯಾನಿಕ್ ಟ್ರೇಡ್ ಎರಡು ವರ್ಷ ಮುಗಿಯಿತು. ಮುಂದಿನ ತಿಂಗಳು ಹುಬ್ಬಳ್ಳಿಯ ಒಂದು ಕಾರು ವರ್ಕ್‌ಶಾಪ್‌ಗೆ ಅಪ್ರೆಂಟಿಸ್ ಆಗಿ ಸೇರಬೇಕು. ಐಟಿಐನಲ್ಲಿ ಸ್ಟ್ಯಾಂಡ್ ಮೇಲಿದ್ದ ಎಂಜಿನ್ ಬಿಚ್ಚಿ ಜೋಡಿಸಿದ್ದೇ ಹೆಚ್ಚು, ಓಡುವ ಗಾಡಿಗೆ ಕೈ ಹಾಕಿದ್ದು ಕಡಿಮೆ. ಸ್ವಂತ ಸಾಮಾನು ಏನೇನು ಬೇಕು? ಹೊಸಬರು ಸಾಮಾನ್ಯವಾಗಿ ಎಲ್ಲಿ ಎಡವುತ್ತಾರೆ? ಒಪ್ಪಂದಕ್ಕೆ ಸಹಿ ಹಾಕುವಾಗ ಏನು ನೋಡಬೇಕು? ತಿಳಿದವರು ದಯವಿಟ್ಟು ಹೇಳಿ.

ಪಾನಾ_ಪೆಟ್ಟಿಗೆ

ತಮ್ಮಾ, ಸೇರುವ ಮೊದಲೇ ಸಾಮಾನಿಗೆ ದುಡ್ಡು ಸುರಿಯಬೇಡ. ದೊಡ್ಡ ವರ್ಕ್‌ಶಾಪ್ ಆದರೆ ಟೂಲ್ ಟ್ರಾಲಿ ಅವರೇ ಕೊಡುತ್ತಾರೆ. ಚಿಕ್ಕ ಗ್ಯಾರೇಜ್ ಆದರೆ 8-9ರಿಂದ 18-19ರವರೆಗಿನ ರಿಂಗ್ ಪಾನಾ ಸೆಟ್, 3/8 ಇಂಚಿನ ರ‍್ಯಾಚೆಟ್, ಆರು ಮೂಲೆಯ ಸಾಕೆಟ್‌ಗಳು, ಒಂದು ಕಟಿಂಗ್ ಪ್ಲೇಯರ್, ತಲೆಗೆ ಕಟ್ಟುವ ಟಾರ್ಚ್, ಬಿದ್ದ ನಟ್ಟು ಎತ್ತಲು ಮ್ಯಾಗ್ನೆಟ್ ಕಡ್ಡಿ. ಇಷ್ಟಿದ್ದರೆ ಆರು ತಿಂಗಳು ಧಾರಾಳ. ಸಾಕೆಟ್ ಆರು ಮೂಲೆಯದ್ದೇ ಇರಲಿ. ಹನ್ನೆರಡು ಮೂಲೆಯದ್ದು ಬೋಲ್ಟ್ ತಲೆಯನ್ನು ಮೂಲೆಯ ತುದಿಯಲ್ಲಷ್ಟೇ ಹಿಡಿಯುತ್ತೆ, ತುಕ್ಕು ಹಿಡಿದ ಬೋಲ್ಟ್ ಆದರೆ ಜಾರಿ ತಲೆ ರೌಂಡ್ ಆಗುತ್ತೆ.

ಹೊಸಬರು ಎಡವುವುದು ಬಿಚ್ಚುವಾಗ ಅಲ್ಲ, ಟೈಟ್ ಮಾಡುವಾಗ. '10ರ ಬೋಲ್ಟ್' ಅಂತೀವಲ್ಲ, ಆ 10 ಅದರ ತಲೆಯ ಅಳತೆ. ಒಳಗೆ ಹೋಗುವ ಥ್ರೆಡ್ ಭಾಗ ಬರೀ 6 ಮಿಲಿಮೀಟರ್ ದಪ್ಪ. ಜಪಾನಿ ಮೂಲದ ಗಾಡಿಗಳಲ್ಲಿ 12ರ ತಲೆಗೆ 8 ಮಿಮೀ, 14ರ ತಲೆಗೆ 10 ಮಿಮೀ. ಸಾಮಾನ್ಯ ದರ್ಜೆಯ 6 ಮಿಮೀ ಬೋಲ್ಟ್ ತಾಳುವುದು ಸುಮಾರು 10 ನ್ಯೂಟನ್ ಮೀಟರ್ ಟಾರ್ಕ್ (ಅಂದರೆ ತಿರುಗಿಸುವ ಬಲ). 15 ಸೆಂಟಿಮೀಟರ್ ಉದ್ದದ ಪಾನಾದ ತುದಿಯಲ್ಲಿ 7 ಕೆಜಿ ಭಾರದಷ್ಟು ಎಳೆದರೆ ಅಲ್ಲಿಗೆ 10 ಆಯಿತು. 7 ಕೆಜಿ ಅಂದರೆ ಎಷ್ಟು? ಮಣಿಕಟ್ಟಿನ ಬಲ ಅಷ್ಟೇ, ಭುಜ ಹಾಕಿದರೆ ಬೋಲ್ಟ್ ತುಂಡು. ಅದು ತುಂಡಾಗುವುದು ಅಲ್ಯೂಮಿನಿಯಂ ಕವರಿನ ಒಳಗೆ. ಆಮೇಲೆ ಡ್ರಿಲ್ ಹಾಕಿ ತೆಗೆಯೋದು ಅರ್ಧ ದಿನದ ಕೆಲಸ.

ಟಾರ್ಕ್ ವ್ರೆಂಚ್ (ಇಟ್ಟ ಗುರುತಿನಷ್ಟು ಬಿಗಿಯಾದಾಗ 'ಟಕ್' ಅನ್ನುವ ಪಾನಾ) ಕೈಗೆ ಬಂದಾಗ ಅದರಿಂದ ಬೋಲ್ಟ್ ಬಿಚ್ಚಬೇಡ. 'ಟಕ್' ಅಂದ ಮೇಲೆ 'ಇನ್ನೊಂದು ಸಲ ಇರಲಿ' ಅಂತ ಎಳೆಯಬೇಡ. ಕೆಲಸ ಮುಗಿದ ಮೇಲೆ ಅದನ್ನು ಕನಿಷ್ಠ ಗುರುತಿಗೆ ಇಳಿಸಿಟ್ಟುಬಿಡು, ಹೆಚ್ಚಿನ ಗುರುತಿನಲ್ಲೇ ಬಿಟ್ಟರೆ ಒಳಗಿನ ಸ್ಪ್ರಿಂಗ್ ಸೋತು ಅಳತೆ ತಪ್ಪುತ್ತೆ. ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಕೊಟ್ಟ ಟಾರ್ಕ್ ಸಾಮಾನ್ಯವಾಗಿ ಒಣ, ಸ್ವಚ್ಛ ಥ್ರೆಡ್‌ಗೆ. ಆಯಿಲ್ ಹಚ್ಚಿದ ಥ್ರೆಡ್‌ಗೂ ಅಷ್ಟೇ ಟಾರ್ಕ್ ಕೊಟ್ಟರೆ ಬೋಲ್ಟ್ ಇನ್ನೂ ಹೆಚ್ಚು ಎಳೆದುಕೊಳ್ಳುತ್ತೆ. ಎಲ್ಲಿ ಆಯಿಲ್ ಹಚ್ಚಬೇಕೋ ಅಲ್ಲಿ ಪುಸ್ತಕವೇ ಹೇಳಿರುತ್ತೆ. ಚಕ್ರದ ನಟ್ಟನ್ನು ಏರ್ ಗನ್‌ನಿಂದ ಕೊನೆಯ ತನಕ ಬಿಗಿಯುವ ಅಭ್ಯಾಸ ಮಾಡಿಕೊಳ್ಳಲೇ ಬೇಡ. ಕೈಯಿಂದ ಹಿಡಿಸಿ, ಎದುರು-ಬದುರು ಕ್ರಮದಲ್ಲಿ ಸ್ವಲ್ಪ ಬಿಗಿದು, ಚಕ್ರ ನೆಲಕ್ಕೆ ತಾಗಿದ ಮೇಲೆ ಟಾರ್ಕ್ ಕೊಡು.

ಹಾವೇರಿ_ಎಂಎಂವಿ

ತುಂಬಾ ಧನ್ಯವಾದ ಅಣ್ಣ. ಬೋಲ್ಟ್ ಓರೆಯಾಗಿ ಹೋಗ್ತಾ ಇದೆ ಅಂತ ಥ್ರೆಡ್ ಹಾಳಾಗುವ ಮೊದಲೇ ಗೊತ್ತಾಗುವುದು ಹೇಗೆ?

ಪಾನಾ_ಪೆಟ್ಟಿಗೆ

ಬೋಲ್ಟನ್ನು ರಂಧ್ರದ ಬಾಯಿಗಿಟ್ಟು ಮೊದಲು ಉಲ್ಟಾ, ಅಂದರೆ ಬಿಚ್ಚುವ ದಿಕ್ಕಿಗೆ, ಬೆರಳಲ್ಲಿ ನಿಧಾನ ತಿರುಗಿಸು. ಒಂದು ಸುತ್ತಿನೊಳಗೆ ಎಲ್ಲೋ ಒಂದು ಕಡೆ ಬೋಲ್ಟ್ ಚೂರು ಕೆಳಗೆ ಕೂತಂತೆ ಬೆರಳಿಗೆ ಗೊತ್ತಾಗುತ್ತೆ. ಎರಡು ಥ್ರೆಡ್‌ಗಳ ಬಾಯಿ ಸೇರುವ ಜಾಗ ಅದೇ. ಅಲ್ಲಿಂದ ಬಿಗಿಯುವ ದಿಕ್ಕಿಗೆ ತಿರುಗಿಸು. ಮೂರು ನಾಲ್ಕು ಸುತ್ತು ಬರೀ ಬೆರಳಲ್ಲೇ ಹೋಗಬೇಕು. ಒಂದೇ ಸುತ್ತಿಗೆ ಬಿಗಿ ಬಂತೋ, ಪಾನಾ ಹಚ್ಚಬೇಡ, ಹೊರಗೆ ತೆಗೆದು ಮತ್ತೆ ಶುರು ಮಾಡು. ಸ್ಪಾರ್ಕ್ ಪ್ಲಗ್ ಆಳದ ಬಾವಿಯೊಳಗೆ ಇರುವುದರಿಂದ ಬೆರಳು ಹೋಗಲ್ಲ. ಪ್ಲಗ್‌ನ ಹಿಂಬದಿಗೆ ಒಂದು ಗೇಣು ರಬ್ಬರ್ ಪೈಪ್ ಸಿಕ್ಕಿಸಿ ಅದರಿಂದ ತಿರುಗಿಸು. ಓರೆಯಾಗಿ ಕೂತರೆ ಪೈಪೇ ಜಾರುತ್ತೆ, ಹೆಡ್ಡಿನ ಥ್ರೆಡ್ ಉಳಿಯುತ್ತೆ.

ಬೇ_ನಂಬರ್_ಮೂರು

ಮೊದಲ ತಿಂಗಳುಗಳಲ್ಲಿ ನಿಮಗೆ ಹೆಚ್ಚಾಗಿ ಕೊಡುವುದು ಆಯಿಲ್ ಸರ್ವಿಸ್. 'ಬರೀ ಆಯಿಲ್ ಬದಲಾವಣೆ ತಾನೇ' ಅನ್ನಬೇಡಿ. ಎಂಜಿನ್ ಸೀಜ್ ಮಾಡಿಸುವ ತಪ್ಪುಗಳೆಲ್ಲ ಈ ಕೆಲಸದಲ್ಲೇ ಕೂತಿವೆ.

ಗಾಡಿ ಎತ್ತುವುದರಿಂದಲೇ ಹೇಳ್ತೀನಿ. ಎರಡು ಕಂಬದ ಲಿಫ್ಟ್ ಆದರೆ ತೋಳಿನ ಪ್ಯಾಡ್‌ಗಳನ್ನು ಬಾಗಿಲ ಕೆಳಗಿನ ಗಟ್ಟಿ ಅಂಚಿನಲ್ಲಿ, ಜಾಕ್ ಪಾಯಿಂಟ್ ಗುರುತಿಗೇ ಇಡಿ. ಚಕ್ರ ನೆಲ ಬಿಟ್ಟು ಒಂದು ಗೇಣು ಏರಿದ ಕೂಡಲೇ ನಿಲ್ಲಿಸಿ, ಬಂಪರ್ ಹಿಡಿದು ಗಾಡಿ ಅಲ್ಲಾಡಿಸಿ ನೋಡಿ. ಅಲುಗಲಿಲ್ಲ ಅಂದರೆ ಮಾತ್ರ ಮೇಲೆ, ಮೇಲೆ ಹೋದ ಮೇಲೆ ಲಾಕ್ ಬಿದ್ದಿದೆಯೇ ನೋಡದೆ ಕೆಳಗೆ ಕಾಲಿಡಬೇಡಿ. ಲಿಫ್ಟ್ ಇಲ್ಲದ ಕಡೆ ಜಾಕ್ ಎತ್ತುವುದಕ್ಕೆ ಮಾತ್ರ, ಭಾರ ಹೊರುವುದು ಸ್ಟ್ಯಾಂಡ್.

ಚೇಂಬರ್‌ನ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿಯ) ಡ್ರೈನ್ ಬೋಲ್ಟಿಗೆ ಪ್ರತಿ ಸಲ ಹೊಸ ವಾಷರ್ ಹಾಕಿ. ಹಳೇ ವಾಷರ್ ಒಮ್ಮೆ ಚಪ್ಪಟೆಯಾದದ್ದು, ಆಯಿಲ್ ತೊಟ್ಟಿಕ್ಕುತ್ತೆ. ತೊಟ್ಟಿಕ್ಕುತ್ತಿದೆ ಅಂತ ಇನ್ನಷ್ಟು ಬಿಗಿಯುತ್ತಾರೆ, ಅಲ್ಯೂಮಿನಿಯಂ ಚೇಂಬರ್ ಆದರೆ ಥ್ರೆಡ್ ಹಾಗೇ ಎದ್ದು ಬರುತ್ತೆ. ಹಳೇ ಫಿಲ್ಟರ್ ಬಿಚ್ಚಿದಾಗ ಅದರ ರಬ್ಬರ್ ರಿಂಗ್ ಫಿಲ್ಟರ್ ಜೊತೆಗೇ ಬಂತೇ ಅಂತ ಕಣ್ಣಾರೆ ನೋಡಿ. ಎಷ್ಟೋ ಸಲ ಅದು ಎಂಜಿನ್ ಮುಖಕ್ಕೆ ಅಂಟಿಕೊಂಡಿರುತ್ತೆ. ಅದರ ಮೇಲೇ ಹೊಸ ಫಿಲ್ಟರ್ ಕೂರಿಸಿದರೆ ಎರಡು ರಿಂಗ್ ಆಗಿ, ಎಂಜಿನ್ ಸ್ಟಾರ್ಟ್ ಆಗಿ ಪ್ರೆಶರ್ ಬಂದ ಕೂಡಲೇ ಒಳಗಿನ ಆಯಿಲ್ ಪೂರ್ತಿ ನೆಲಕ್ಕೆ ಹರಿಯುತ್ತೆ. ಹೊಸ ರಿಂಗ್‌ಗೆ ಬೆರಳಲ್ಲಿ ಹೊಸ ಆಯಿಲ್ ಸವರಿ, ರಿಂಗ್ ಮುಖಕ್ಕೆ ತಾಗಿದ ಮೇಲೆ ಕೈಯಿಂದಲೇ ಮುಕ್ಕಾಲು ಸುತ್ತು. ಫಿಲ್ಟರ್ ಮೇಲೆ ಬೇರೆ ಲೆಕ್ಕ ಬರೆದಿದ್ದರೆ ಅದೇ ಸರಿ.

ತುಂಬುವಾಗ ಪುಸ್ತಕದ ಅಳತೆಗಿಂತ ಅರ್ಧ ಲೀಟರ್ ಕಡಿಮೆ ಹಾಕಿ, ಸ್ಟಾರ್ಟ್ ಮಾಡಿ, ಆಯಿಲ್ ದೀಪ ಆರುವುದನ್ನು ನೋಡಿ, ಆಫ್ ಮಾಡಿ ಐದು ನಿಮಿಷ ಬಿಟ್ಟು ಸಮತಟ್ಟಾದ ಜಾಗದಲ್ಲಿ ಡಿಪ್‌ಸ್ಟಿಕ್ ಎಳೆಯಿರಿ. ಆಮೇಲೆ ಸ್ವಲ್ಪ ಸ್ವಲ್ಪವೇ ಮೇಲಿನ ಗುರುತಿಗೆ ತನ್ನಿ. ಹೆಚ್ಚಾದರೆ ಒಳ್ಳೆಯದೇ ಅನ್ನುವವರ ಮಾತು ಕೇಳಬೇಡಿ. ಕ್ರ್ಯಾಂಕ್ ಆಯಿಲ್‌ಗೆ ಬಡಿದು ನೊರೆ ಬರುತ್ತೆ, ಪಂಪ್ ನೊರೆಯನ್ನೇ ಎಳೆದರೆ ಪ್ರೆಶರ್ ಬೀಳುತ್ತೆ.

ಕೈಗೆ ನೈಟ್ರೈಲ್ ಗ್ಲೌಸ್ ಹಾಕಿ. ಬಳಸಿದ ಎಂಜಿನ್ ಆಯಿಲ್ ವರ್ಷಗಟ್ಟಲೆ ಚರ್ಮಕ್ಕೆ ತಾಗಿದರೆ ಚರ್ಮದ ಕ್ಯಾನ್ಸರ್‌ಗೆ ದಾರಿ. ಆಯಿಲ್ ನೆನೆದ ವೇಸ್ಟ್ ಬಟ್ಟೆ ಪ್ಯಾಂಟ್ ಜೇಬಿನಲ್ಲಿ ಇಟ್ಟುಕೊಳ್ಳುವುದೂ ಅಷ್ಟೇ ಕೆಟ್ಟದ್ದು.

ಮೈನಸ್_ಮೊದಲು

ಮೇಲಿನವರು ಹೇಳಿದ್ದಕ್ಕೆ ಒಂದು ತಿದ್ದುಪಡಿ: ಪಾನಾ ಸೆಟ್‌ಗಿಂತ ಮೊದಲು ಒಂದು ಡಿಜಿಟಲ್ ಮಲ್ಟಿಮೀಟರ್ ತಗೊಳ್ಳಿ. ಪಾನಾ ಯಾರಾದರೂ ಕೊಡ್ತಾರೆ, ಅಳೆದು ನೋಡುವ ಅಭ್ಯಾಸ ಯಾರೂ ಕೊಡಲ್ಲ.

ಎಂಜಿನ್ ಆಫ್ ಆಗಿ ಕೆಲವು ಗಂಟೆ ಬಿಟ್ಟ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಅಂದರೆ ಸುಮಾರು ಅರ್ಧ. ಸೆಲ್ಫ್ (ಎಂಜಿನ್ ಸ್ಟಾರ್ಟ್ ಮಾಡುವ ಮೋಟರ್) ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5. ಚಾರ್ಜಿಂಗನ್ನು ಕಂಪ್ಯೂಟರ್ ನಿಯಂತ್ರಿಸುವ ಹೊಸ ಗಾಡಿಗಳಲ್ಲಿ ಇದು ಏರಿಳಿಯುತ್ತೆ, ಅದನ್ನೇ ನೋಡಿ ಡೈನಮೋ ಹೋಗಿದೆ ಅನ್ನಬೇಡಿ.

ಒಂದು ಉದಾಹರಣೆ. ಸೆಲ್ಫ್ ಎಳೆಯುತ್ತಿಲ್ಲ, ಬ್ಯಾಟರಿ ಚೆನ್ನಾಗಿದೆ. ಹೊಸ ಸೆಲ್ಫ್ ಮೋಟರ್ ಬರೆಯುವ ಮುನ್ನ ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಒಂದು ಮೊನೆ ಬ್ಯಾಟರಿಯ ಮೈನಸ್ ಕಂಬಕ್ಕೆ (ಕ್ಲ್ಯಾಂಪಿಗಲ್ಲ, ಸೀಸದ ಕಂಬಕ್ಕೇ), ಇನ್ನೊಂದು ಎಂಜಿನ್ ಬ್ಲಾಕಿನ ಬಣ್ಣವಿಲ್ಲದ ಜಾಗಕ್ಕೆ ಒತ್ತಿ, ಯಾರಿಗಾದರೂ ಕೀ ತಿರುಗಿಸಲು ಹೇಳಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ತೊಂದರೆ ಅರ್ತ್ ಕೇಬಲ್‌ನಲ್ಲಿ. ಕ್ಲ್ಯಾಂಪ್ ಒಳಗಿನ ಬಿಳಿ ಪುಡಿ ಉಜ್ಜಿ, ಬಾಡಿಗೆ ಸೇರುವ ಬೋಲ್ಟಿನ ಕೆಳಗಿನ ತುಕ್ಕು ತೆಗೆದರೆ ಎಷ್ಟೋ ಗಾಡಿ ಅಲ್ಲೇ ಎದ್ದು ಕೂರುತ್ತವೆ. ಕೀ ತಿರುಗಿಸದೆ ಅಳೆದರೆ ಸೊನ್ನೆಯೇ ಬರುತ್ತೆ, ಕರೆಂಟ್ ಹರಿಯುವಾಗಲೇ ದೋಷ ಕಾಣುವುದು.

ಮೀಟರ್‌ನ ಕೆಂಪು ವೈರ್ 10 ಆಂಪ್ ತೂತಿನಲ್ಲಿ ಉಳಿದಿರುವಾಗ ಬ್ಯಾಟರಿ ವೋಲ್ಟೇಜ್ ಅಳೆಯಲು ಹೋದರೆ ನೇರ ಶಾರ್ಟ್. ಬ್ಯಾಟರಿ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಪ್ಲಸ್ ಬಿಚ್ಚುವಾಗ ಪಾನಾ ಬಾಡಿಗೆ ತಾಗಿದರೂ ಕಿಡಿ ಹಾರಬಾರದು ಅಂತ. ಹಳದಿ ಕನೆಕ್ಟರ್ ಏರ್‌ಬ್ಯಾಗ್‌ನದು, ಅಲ್ಲಿಗೆ ಟೆಸ್ಟ್ ಲ್ಯಾಂಪ್ ಇಡಲೇಬಾರದು. ಹೈಬ್ರಿಡ್, ಎಲೆಕ್ಟ್ರಿಕ್ ಗಾಡಿಯ ಕಿತ್ತಳೆ ಬಣ್ಣದ ಕೇಬಲ್‌ಗೆ ಹೈ ವೋಲ್ಟೇಜ್ ತರಬೇತಿ ಆಗುವ ತನಕ ಕೈ ಹಾಕಬೇಡಿ, ಯಾರು ಹೇಳಿದರೂ.

ಕಾಗದಪತ್ರ

ಒಪ್ಪಂದದ ಪ್ರಶ್ನೆಗೆ. ಬಾಯಿಮಾತಿನ 'ಅಪ್ರೆಂಟಿಸ್' ಆಗಬೇಡಿ. 1961ರ ಅಪ್ರೆಂಟಿಸ್ ಕಾಯ್ದೆಯಡಿ ನಿಮ್ಮ ಒಪ್ಪಂದ ಸರ್ಕಾರಿ ಪೋರ್ಟಲ್‌ನಲ್ಲಿ ನೋಂದಣಿ ಆಗಿರಬೇಕು. ಟ್ರೇಡ್ ಹೆಸರು, ಶುರು ಮತ್ತು ಮುಕ್ತಾಯದ ದಿನಾಂಕ, ಸ್ಟೈಪೆಂಡ್ ಮೊತ್ತ ಸರಿಯಿದೆಯೇ ನೋಡಿ. 2019ರ ನಿಯಮ ತಿದ್ದುಪಡಿಯಲ್ಲಿ ಐಟಿಐ ಪ್ರಮಾಣಪತ್ರ ಇದ್ದವರಿಗೆ ತಿಂಗಳಿಗೆ ಕನಿಷ್ಠ 7,000 ರೂಪಾಯಿ ಇಟ್ಟಿದ್ದರು. ಅದಕ್ಕಿಂತ ಕಡಿಮೆ ಬರೆದಿದ್ದರೆ ಸಹಿ ಹಾಕುವ ಮೊದಲೇ ಕೇಳಿ. ತರಬೇತಿಯಲ್ಲಿ ಗಾಯವಾದರೆ ಪರಿಹಾರದ ಹೊಣೆ ಮಾಲೀಕರದ್ದು ಎಂದು ಅದೇ ಕಾಯ್ದೆ ಹೇಳುತ್ತದೆ. ನೋಂದಣಿ ಇದ್ದರೆ ಕೊನೆಯಲ್ಲಿ ಪರೀಕ್ಷೆ ಬರೆದು ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ ಪಡೆಯಬಹುದು.

ಹಾವೇರಿ_ಎಂಎಂವಿ

ಎಲ್ಲರಿಗೂ ಧನ್ಯವಾದ, ಎಲ್ಲವನ್ನೂ ನೋಟ್‌ಬುಕ್‌ಗೆ ಇಳಿಸಿಕೊಂಡೆ. ಮುಂಬದಿ ಚಕ್ರದ ಡಿಸ್ಕ್ ಬ್ರೇಕ್ ಪ್ಯಾಡ್ ಬದಲಾಯಿಸುವ ಕೆಲಸ ಕೊಟ್ಟರೆ ಏನು ಗಮನಿಸಬೇಕು?

ಬೇ_ನಂಬರ್_ಮೂರು

ಮೊದಲ ಕೆಲವು ಸಲ ಮೇಸ್ತ್ರಿ ಪಕ್ಕದಲ್ಲೇ ಇರಲಿ. ಬ್ರೇಕ್ ಧೂಳನ್ನು ಏರ್ ಪೈಪ್‌ನಿಂದ ಊದಬೇಡಿ, ಬ್ರೇಕ್ ಕ್ಲೀನರ್ ಹಾಕಿ ಒರೆಸಿ. ಬಿಚ್ಚಿದ ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಭಾಗ) ಹೋಸ್ ಪೈಪ್‌ಗೆ ಜೋತು ಬೀಳದಂತೆ ಸ್ಪ್ರಿಂಗ್‌ಗೆ ತಂತಿಯಿಂದ ಕಟ್ಟಿ. ಪಿಸ್ಟನ್ ಒಳಗೆ ಒತ್ತುವ ಮುನ್ನ ಬ್ರೇಕ್ ಆಯಿಲ್ ಡಬ್ಬಿಯ ಮಟ್ಟ ನೋಡಿ. ತುಂಬಿದ್ದರೆ ಉಕ್ಕಿ ಹೊರಗೆ ಚೆಲ್ಲುತ್ತೆ, ಪೇಂಟ್ ಎದ್ದು ಹೋಗುತ್ತೆ. ಸ್ಲೈಡ್ ಪಿನ್‌ಗೆ ಸಾದಾ ಗ್ರೀಸ್ ಬೇಡ, ರಬ್ಬರ್ ಉಬ್ಬಿ ಪಿನ್ ಹಿಡಿದುಕೊಳ್ಳುತ್ತೆ. ಅದಕ್ಕೆಂದೇ ಬರುವ ಸಿಲಿಕೋನ್ ಗ್ರೀಸ್ ಹಚ್ಚಿ. ಡಿಸ್ಕ್ ಮುಖಕ್ಕೆ ಗ್ರೀಸ್ ಬೆರಳು ತಾಗಿದ್ದರೆ ಕ್ಲೀನರ್‌ನಿಂದ ಒರೆಸಿ.

ಕೊನೆಯದು ಬಹಳ ಮುಖ್ಯ. ಪಿಸ್ಟನ್ ಹಿಂದಕ್ಕೆ ಹೋಗಿರುವುದರಿಂದ ಮೊದಲ ಸಲ ತುಳಿದರೆ ಪೆಡಲ್ ನೆಲ ಮುಟ್ಟುತ್ತೆ, ಬ್ರೇಕ್ ಹಿಡಿಯುವುದೇ ಇಲ್ಲ. ಗಾಡಿ ಇಳಿಸಿದ ಕೂಡಲೇ, ಎಂಜಿನ್ ಸ್ಟಾರ್ಟ್ ಮಾಡುವ ಮುನ್ನ, ಪೆಡಲ್ ಗಟ್ಟಿಯಾಗುವ ತನಕ ನಿಧಾನ ತುಳಿಯಿರಿ. ಡಬ್ಬಿಯ ಮಟ್ಟ ಮತ್ತೆ ನೋಡಿ, ಬೇ ಒಳಗೇ ಒಂದೆರಡು ಅಡಿ ಮುಂದೆ ಹಿಂದೆ ಸರಿಸಿ ಬ್ರೇಕ್ ಹಿಡಿಯುತ್ತಿದೆ ಅಂತ ಖಾತ್ರಿ ಮಾಡಿಕೊಂಡ ಮೇಲೆಯೇ ಕೀ ಬೇರೆಯವರ ಕೈಗೆ ಕೊಡಿ.